ಕೂರಲು ಸೀಟಿಲ್ಲದ ವಾಕರ್: ಹಳೇ ಸಾಮಾನುಗಳಲ್ಲಿ ಕಾಣುವ ಅಮೆರಿಕದ ಬಾಲ್ಯ

ಅಮೆರಿಕದ ಹಳೇ ಮನೆಸಾಮಾನು ಇಟ್ಟಿರುವ ಮ್ಯೂಸಿಯಂಗಳಲ್ಲಿ ಮರದ ಒಂದು ಚೌಕಟ್ಟು ಕಾಣಸಿಗುತ್ತದೆ. ನಾಲ್ಕು ಕಾಲು, ಕಾಲಿನ ತುದಿಗೆ ಪುಟ್ಟ ಚಕ್ರ. ಮೇಲಿನ ಹಲಗೆಯ ನಡುವೆ ಮಗುವಿನ ಮೈ ಹಿಡಿಸುವಷ್ಟು ಒಂದು ತೂತು. ನೋಡಿದ ತಕ್ಷಣ ವಾಕರ್ ಅನ್ನಿಸುತ್ತದೆ. ಆದರೆ ಈಗಿನ ವಾಕರ್‌ಗಳಲ್ಲಿ ಇರುವ ಬಟ್ಟೆಯ ಸೀಟು ಇದರಲ್ಲಿ ಇಲ್ಲ. ಮಗುವಿಗೆ ಸುಸ್ತಾದರೂ ಕೂರುವಂತಿಲ್ಲ, ನಿಂತೇ ಇರಬೇಕು. ಕೆಲವಕ್ಕಂತೂ ಚಕ್ರವೂ ಇರುವುದಿಲ್ಲ. ಮಗುವನ್ನು ತೂತಿನೊಳಗೆ ಇಳಿಸಿದರೆ ಮುಗೀತು.

ಇದೇನು ಶಿಕ್ಷೆಯಾ? ಅವರ ಲೆಕ್ಕದಲ್ಲಿ ಖಂಡಿತ ಅಲ್ಲ. 17ನೇ ಶತಮಾನದಲ್ಲಿ ಇಂಗ್ಲೆಂಡಿನಿಂದ ಅಮೆರಿಕದ ಪೂರ್ವ ಕರಾವಳಿಗೆ ಬಂದು ನೆಲೆಸಿದವರಿಗೆ ಅಂಬೆಗಾಲಿಡುವುದು ಇಷ್ಟವಿರಲಿಲ್ಲ. ನಾಲ್ಕು ಕಾಲಿನಲ್ಲಿ ನಡೆಯುವುದು ಪ್ರಾಣಿ, ಮನುಷ್ಯನ ಮಗು ನೆಟ್ಟಗೆ ನಿಲ್ಲಬೇಕು ಅನ್ನುವುದು ಅವರ ನಂಬಿಕೆ. ಜೊತೆಗೆ ಇನ್ನೊಂದು ನೇರ ಕಾರಣವೂ ಇತ್ತು. ಮನೆಯ ನಡುವೆ ಇಡೀ ದಿನ ಉರಿಯುವ ದೊಡ್ಡ ಒಲೆ, ಅದರ ಮುಂದೆ ಕುದಿಯುವ ಪಾತ್ರೆಗಳು, ತಣ್ಣಗಿನ ಕೊಳಕು ನೆಲ. ಕೈತುಂಬ ಕೆಲಸವಿರುವ ತಾಯಿಗೆ ಮಗು ಒಂದೇ ಕಡೆ ನಿಂತಿದ್ದರೆ ಅರ್ಧ ಜೀವ ಉಳಿದಂತೆ.

ಮಗುವಿನ ಇತರ ಸಾಮಾನುಗಳಲ್ಲೂ ಇದೇ ಯೋಚನೆ ಕಾಣುತ್ತದೆ. ಹುಟ್ಟಿದ ಮೊದಲ ಕೆಲವು ತಿಂಗಳು ಲಿನನ್ ಪಟ್ಟಿಯಿಂದ ಕೈಕಾಲು ಸುತ್ತಿಡುತ್ತಿದ್ದರು, ಮೂಳೆ ನೆಟ್ಟಗೆ ಬೆಳೆಯಲಿ ಅಂತ. ಆಮೇಲೆ ಬೆನ್ನು ಬಗ್ಗದಂತೆ ಒಳಗೊಂದು ಬಿಗಿ ಕುಪ್ಪಸ. ನಡೆಯಲು ಕಲಿಯುವಾಗ ಭುಜದ ಹಿಂದೆ ಎರಡು ಉದ್ದನೆಯ ಪಟ್ಟಿ, ಹಿಂದಿನಿಂದ ದೊಡ್ಡವರು ಹಿಡಿದುಕೊಳ್ಳಲು. ತಲೆಗೆ ದಪ್ಪ ಮೆತ್ತೆ ಹೊಲಿದ ಟೋಪಿ. ಅದರ ಹೆಸರು ‘ಪುಡಿಂಗ್ ಕ್ಯಾಪ್’. ಬಿದ್ದರೆ ತಲೆಗೆ ಏಟಾಗದಿರಲಿ ಅಂತ. ಗಂಡುಮಗುವಿಗೂ ಹೆಣ್ಣುಮಗುವಿಗೂ ಒಂದೇ ಥರದ ಉದ್ದನೆಯ ಗೌನು. ಹುಡುಗ ನಾಲ್ಕರಿಂದ ಏಳು ವರ್ಷದೊಳಗೆ ಯಾವಾಗಲೋ ಮೊದಲ ಸಲ ಚಡ್ಡಿ ಹಾಕಿಕೊಳ್ಳುವ ದಿನ ಬರುತ್ತಿತ್ತು. ಅವತ್ತಿನಿಂದ ಅವನು ಗಂಡಸರ ಪೈಕಿ. ಹಳೇ ಚಿತ್ರಗಳಲ್ಲಿ ಗೌನು ತೊಟ್ಟ ಮಗುವನ್ನು ಹುಡುಗಿ ಅಂದುಕೊಳ್ಳುವ ಮುಂಚೆ ಸ್ವಲ್ಪ ತಡೆಯಬೇಕು.

ಮ್ಯೂಸಿಯಂನಲ್ಲಿ ಒಂದು ವಸ್ತು ನೋಡಿದಾಗ ಇದನ್ನು ಯಾರು ಮಾಡಿದರು, ಯಾರು ಬಳಸಿದರು ಅಂತ ಕೇಳುತ್ತೇವೆ. ಮೂರನೇ ಪ್ರಶ್ನೆ ಜಾಸ್ತಿ ಜನ ಕೇಳುವುದಿಲ್ಲ: ಇದನ್ನು ಎತ್ತಿಟ್ಟವರು ಯಾರು? ನನ್ನ ಪ್ರಕಾರ ಬಾಲ್ಯದ ವಿಷಯದಲ್ಲಿ ಅದೇ ಮುಖ್ಯ. ದಿನಾ ಹಾಕಿದ ಬಟ್ಟೆ ಅಣ್ಣನಿಂದ ತಮ್ಮನಿಗೆ ಹೋಗಿ, ಹರಿದು, ಇನ್ನೊಂದು ಬಟ್ಟೆಗೆ ತೇಪೆಯಾಗಿ, ಕೊನೆಗೆ ಚಿಂದಿಯಾಗಿ ಕಾಗದದ ಗಿರಣಿ ಸೇರುತ್ತಿತ್ತು. ಆಗ ಕಾಗದ ಮಾಡುತ್ತಿದ್ದುದೇ ಚಿಂದಿಯಿಂದ. ಒಂದೇ ಸಲ ತೊಡಿಸಿದ ಬ್ಯಾಪ್ಟಿಸಂ ಗೌನು ಮಾತ್ರ ಪೆಟ್ಟಿಗೆಯಲ್ಲಿ ಭದ್ರವಾಗಿ ಉಳಿಯಿತು. ಹಾಗಾಗಿ ಗಾಜಿನ ಹಿಂದೆ ಇರುವುದು ಹೆಚ್ಚಾಗಿ ಬಳಸದೆ ಉಳಿದದ್ದು, ಅದರಲ್ಲೂ ಪೆಟ್ಟಿಗೆ ಇದ್ದವರ ಮನೆಯದ್ದು.

ಈ ಕೊರತೆಯನ್ನು ಸ್ವಲ್ಪ ಮಟ್ಟಿಗೆ ತುಂಬಲು ಒಂದು ಕಾಗದ ಸಹಾಯ ಮಾಡುತ್ತದೆ. ಮನೆಯ ಯಜಮಾನ ಸತ್ತರೆ ಅಕ್ಕಪಕ್ಕದ ಇಬ್ಬರು ಮೂವರು ಬಂದು ಕೋಣೆಕೋಣೆ ಸುತ್ತಿ ಇರುವ ಸಾಮಾನನ್ನೆಲ್ಲ ಪಟ್ಟಿ ಮಾಡಿ ಬೆಲೆ ಕಟ್ಟುತ್ತಿದ್ದರು. ಆ ಪಟ್ಟಿ ಕೋರ್ಟಿಗೆ ಹೋಗುತ್ತಿತ್ತು. ತೊಟ್ಟಿಲು, ಹಾಸಿಗೆ, ಹಳೇ ಕಂಬಳಿ, ಮುರುಕಲು ಕುರ್ಚಿ, ಎಲ್ಲ ಅದರಲ್ಲಿದೆ. ಒಂದು ಮನೆಯಲ್ಲಿ ಎಷ್ಟು ಜನ ಎಷ್ಟು ಹಾಸಿಗೆಯಲ್ಲಿ ಮಲಗುತ್ತಿದ್ದರು ಅಂತ ಊಹಿಸಲು ಇತಿಹಾಸಕಾರರು ಇವತ್ತಿಗೂ ಈ ಪಟ್ಟಿಗಳನ್ನೇ ನೋಡುತ್ತಾರೆ. ಅದರಲ್ಲಿ ಇನ್ನೊಂದು ಬಗೆಯ ಸಾಲೂ ಬರುತ್ತದೆ, ಅದನ್ನು ಮುಂದೆ ನೋಡೋಣ.

ಮಸಾಚುಸೆಟ್ಸ್‌ನ ಪ್ಲಿಮತ್ ಊರಿನ ಪಿಲ್‌ಗ್ರಿಮ್ ಹಾಲ್ ಮ್ಯೂಸಿಯಂ ಶುರುವಾಗಿದ್ದು 1824ರಲ್ಲಿ. ಬಾಸ್ಟನ್ ಕಡೆ ಇರುವ ಕನ್ನಡಿಗರ ಮಕ್ಕಳಿಗೆ ಶಾಲೆಯ ಟ್ರಿಪ್ ದೆಸೆಯಿಂದ ಪ್ಲಿಮತ್ ಹೊಸದೇನಲ್ಲ. ಅಲ್ಲಿ ಬೆತ್ತ ಹೆಣೆದಂಥ ಒಂದು ತೊಟ್ಟಿಲಿದೆ. ನೇತುಹಾಕುವಂಥದ್ದಲ್ಲ, ನೆಲದ ಮೇಲಿಟ್ಟು ತೂಗುವಂಥದ್ದು. ತಲೆಯ ಕಡೆ ಮುಚ್ಚಿಗೆ ಇದೆ, ಚಳಿಗಾಳಿ ಮುಖಕ್ಕೆ ಬಡಿಯದಿರಲಿ ಅಂತ. ಇದು ಪೆರೆಗ್ರಿನ್ ವೈಟ್‌ನ ತೊಟ್ಟಿಲು ಅಂತ ಪರಂಪರೆಯಿಂದ ಹೇಳಿಕೊಂಡು ಬಂದಿದ್ದಾರೆ. ಇಂಗ್ಲೆಂಡಿನಿಂದ ವಲಸೆ ಬಂದವರನ್ನು ಹೊತ್ತ ಮೇಫ್ಲವರ್ ಹಡಗು 1620ರ ನವೆಂಬರ್‌ನಲ್ಲಿ ಕೇಪ್ ಕಾಡ್ ಹತ್ತಿರ ಲಂಗರು ಹಾಕಿದ್ದಾಗ ಹಡಗಿನಲ್ಲೇ ಹುಟ್ಟಿದ ಮಗು ಅವನು.

ತೊಟ್ಟಿಲ ಸುತ್ತ ಇದ್ದ ಸಂಸಾರದ ಕಥೆ ಕೇಳಿ. ಹಡಗಿನಲ್ಲಿ ಬಂದ ಸುಮಾರು 102 ಜನರಲ್ಲಿ ಹೆಚ್ಚುಕಡಿಮೆ ಅರ್ಧ ಜನ ಮೊದಲ ಚಳಿಗಾಲದಲ್ಲೇ ಸತ್ತರು. ಪೆರೆಗ್ರಿನ್‌ನ ಅಪ್ಪ ವಿಲಿಯಂ ವೈಟ್ ಕೂಡ ಅವರಲ್ಲೊಬ್ಬ. 1621ರ ಮೇ ತಿಂಗಳಲ್ಲಿ ತಾಯಿ ಸುಸಾನಾ, ಅದೇ ಚಳಿಗಾಲದಲ್ಲಿ ಹೆಂಡತಿಯನ್ನು ಕಳೆದುಕೊಂಡಿದ್ದ ಎಡ್ವರ್ಡ್ ವಿನ್ಸ್ಲೋನನ್ನು ಮದುವೆಯಾದಳು. ಆರು ತಿಂಗಳ ಮಗುವಿಗೆ ಆಗಲೇ ಮಲತಂದೆ. ಇದರಲ್ಲಿ ವಿಶೇಷ ಏನೂ ಇರಲಿಲ್ಲ. ದಕ್ಷಿಣದ ವರ್ಜೀನಿಯಾ, ಮೇರಿಲ್ಯಾಂಡ್ ಕಡೆಗಂತೂ ಮಲೇರಿಯಾ ಮತ್ತಿತರ ಜ್ವರಗಳ ಕಾಟದಿಂದ, ದೊಡ್ಡವರಾಗುವ ಮುಂಚೆ ಅಪ್ಪನನ್ನೋ ಅಮ್ಮನನ್ನೋ ಕಳೆದುಕೊಂಡ ಮಕ್ಕಳೇ ಬಹಳ. ಮಲತಾಯಿ, ಮಲಅಣ್ಣ, ಸತ್ತ ಚಿಕ್ಕಪ್ಪನ ಮಕ್ಕಳು, ಕೆಲಸಕ್ಕೆ ಸೇರಿದ ಹುಡುಗ, ಎಲ್ಲ ಒಂದೇ ಸೂರಿನಡಿ. ಈಗಿನ ಅಮೆರಿಕದ ಅಪ್ಪ-ಅಮ್ಮ-ಎರಡು ಮಕ್ಕಳ ಸಂಸಾರವನ್ನು ಆ ಕಾಲಕ್ಕೆ ಹೊಂದಿಸಿ ನೋಡಿದರೆ ಏನೂ ಅರ್ಥವಾಗುವುದಿಲ್ಲ.

ಚಿತ್ರಗಳನ್ನೂ ಹೀಗೆ ಬಿಡಿಸಿ ನೋಡಬಹುದು. ವುಸ್ಟರ್ ಆರ್ಟ್ ಮ್ಯೂಸಿಯಂನಲ್ಲಿ ಬಾಸ್ಟನ್ನಿನ ಎಲಿಜಬೆತ್ ಫ್ರೀಕ್ ಮತ್ತು ಅವಳ ಮಗು ಮೇರಿಯ ಚಿತ್ರ ಇದೆ. ಬರೆದವನ ಹೆಸರು ಗೊತ್ತಿಲ್ಲ. ತಾಯಿಯ ಕೊರಳಲ್ಲಿ ಮುತ್ತಿನ ಸರ, ಬಟ್ಟೆಗೆ ಲೇಸು, ರಿಬ್ಬನ್ನು. ಹಳದಿ ಗೌನಿನ ಮಗು ತೊಡೆಯ ಮೇಲೆ ಗೊಂಬೆಯ ಹಾಗೆ ನೆಟ್ಟಗೆ ನಿಂತಿದೆ. ಅದಕ್ಕೆ ಆಗ ಆರು ತಿಂಗಳು ಅಂತ ಚಿತ್ರದಲ್ಲೇ ಬರೆದಿದೆ. ಆರು ತಿಂಗಳಿಗೆ ಯಾವ ಮಗು ಹಾಗೆ ನಿಲ್ಲುತ್ತದೆ? ಬಿಗಿ ಕುಪ್ಪಸದ ಕೆಲಸವೂ ಇರಬಹುದು, ಮಗು ಹೀಗಿರಬೇಕು ಅನ್ನುವ ದೊಡ್ಡವರ ಆಸೆಯೂ ಇರಬಹುದು. ಚಿತ್ರಕ್ಕೆ ಎಕ್ಸ್‌-ರೇ ಹಾಕಿ ನೋಡಿದಾಗ ಇನ್ನೊಂದು ವಿಷಯ ತಿಳಿಯಿತು. 1671ರ ಸುಮಾರಿಗೆ ಮೊದಲು ಬರೆದಾಗ ಮಗುವೇ ಇರಲಿಲ್ಲ, ತಾಯಿ ಒಬ್ಬಳೇ ಕೂತಿದ್ದಳು. 1674ರಲ್ಲಿ ಮೇರಿ ಹುಟ್ಟಿದ ಮೇಲೆ ಅದೇ ಚಿತ್ರವನ್ನು ತಿದ್ದಿಸಿ ಮಗುವನ್ನು ಸೇರಿಸಿದರು. ಮಕ್ಕಳು ಜಾಸ್ತಿ ಸಾಯುತ್ತಿದ್ದ ಕಾಲದಲ್ಲಿ ತಂದೆತಾಯಿ ಮಕ್ಕಳನ್ನು ಅಷ್ಟಾಗಿ ಹಚ್ಚಿಕೊಳ್ಳುತ್ತಿರಲಿಲ್ಲ ಅಂತ ಕೆಲವರು ಹೇಳುವುದುಂಟು. ಆರು ತಿಂಗಳ ಹೆಣ್ಣುಮಗುವಿಗಾಗಿ ದುಡ್ಡು ಕೊಟ್ಟು ಚಿತ್ರ ತಿದ್ದಿಸಿದವರ ಬಗ್ಗೆ ಹಾಗೆ ಹೇಳುವುದು ಕಷ್ಟ. ಅಪ್ಪ ಜಾನ್ ಫ್ರೀಕ್ ಮಾರನೇ ವರ್ಷವೇ ಬಾಸ್ಟನ್ ಬಂದರಿನಲ್ಲಿ ಹಡಗೊಂದು ಸಿಡಿದು ಸತ್ತ.

ಸಾವಿನ ಮಾತು ಬಂತಲ್ಲ, ಇನ್ನೊಂದು ವಸ್ತು ನೋಡೋಣ. ಶ್ರೀಮಂತರ ಮನೆಯ ಮಗುವಿನ ಗಿಲಕಿ. ಬೆಳ್ಳಿಯ ಹಿಡಿ, ಅದರ ಸುತ್ತ ಸಣ್ಣ ಗೆಜ್ಜೆ, ಒಂದು ತುದಿಯಲ್ಲಿ ಪೀಪಿ, ಇನ್ನೊಂದು ತುದಿಯಲ್ಲಿ ಕೆಂಪು ಹವಳದ ತುಂಡು. ಹಲ್ಲು ಬರುವಾಗ ಮಗು ಅದನ್ನು ಕಡಿಯಲಿ ಅಂತ. ಹವಳ ಕೆಟ್ಟ ದೃಷ್ಟಿಯನ್ನೂ ರೋಗವನ್ನೂ ದೂರ ಇಡುತ್ತದೆ ಅನ್ನುವುದು ಯುರೋಪಿನ ಬಹಳ ಹಳೇ ನಂಬಿಕೆ. ಹಲ್ಲು ಬರುವ ಹೊತ್ತಿಗೇ ಮೊಲೆ ಬಿಡಿಸುವುದು, ಹೊರಗಿನ ಊಟ, ನೀರು ಎಲ್ಲ ಶುರುವಾಗುತ್ತಿತ್ತು. ಭೇದಿ, ಜ್ವರ ಬರುತ್ತಿದ್ದುದೂ ಆಗಲೇ. ಜನ ತಪ್ಪನ್ನು ಹಲ್ಲಿನ ಮೇಲೆ ಹಾಕಿದರು. ಅಂಗೈಯಲ್ಲಿ ಹಿಡಿಸುವ ಈ ಆಟಿಕೆಯಲ್ಲಿ ಆಟ, ಔಷಧಿ, ತಾಯಿತ ಮೂರೂ ಸೇರಿಕೊಂಡಿವೆ.

ತಾಯಿತಕ್ಕೆ ಬಗ್ಗದ ರೋಗ ಸಿಡುಬು. ಬಾಸ್ಟನ್ನಿನ ಪಾದ್ರಿ ಕಾಟನ್ ಮೇದರ್‌ಗೆ 15 ಮಕ್ಕಳು. ಅವನು ಸಾಯುವಾಗ ಉಳಿದಿದ್ದವರು ಇಬ್ಬರೇ. ಸಿಡುಬಿನ ಕೀವನ್ನು ಆರೋಗ್ಯವಂತರ ಚರ್ಮ ಸ್ವಲ್ಪ ಗೀರಿ ಅಲ್ಲಿಗೆ ಹಚ್ಚಿ ರೋಗ ತಡೆಯುವ ಉಪಾಯವನ್ನು ಅವನಿಗೆ ಹೇಳಿಕೊಟ್ಟಿದ್ದು ಅವನ ಮನೆಯಲ್ಲೇ ಗುಲಾಮನಾಗಿದ್ದ ಆಫ್ರಿಕಾದ ಒನೆಸಿಮಸ್. 1721ರಲ್ಲಿ ಬಾಸ್ಟನ್‌ನಲ್ಲಿ ಅದನ್ನು ಮಾಡಿ ನೋಡಿದಾಗ ಊರೇ ತಿರುಗಿಬಿತ್ತು. 1736ರಲ್ಲಿ ಬೆಂಜಮಿನ್ ಫ್ರ್ಯಾಂಕ್ಲಿನ್ನನ ನಾಲ್ಕು ವರ್ಷದ ಮಗ ಸಿಡುಬಿನಿಂದ ಸತ್ತ. ಮಗನಿಗೆ ಅದನ್ನು ಹಾಕಿಸಲಿಲ್ಲವಲ್ಲ ಅನ್ನುವ ಕೊರಗು ಫ್ರ್ಯಾಂಕ್ಲಿನ್‌ಗೆ ಮುದಿವಯಸ್ಸಿನಲ್ಲೂ ಹೋಗಿರಲಿಲ್ಲ.

ಫಿಲಡೆಲ್ಫಿಯಾ ಮ್ಯೂಸಿಯಂ ಆಫ್ ಆರ್ಟ್‌ನಲ್ಲಿ ಚಾರ್ಲ್ಸ್ ವಿಲ್ಸನ್ ಪೀಲ್ ಬರೆದ ಒಂದು ಚಿತ್ರವಿದೆ. ಅವನ ಕೂಸು ಮಾರ್ಗರೆಟ್ 1772ರಲ್ಲಿ ಸಿಡುಬಿನಿಂದ ಸತ್ತಿತು. ಮೊದಲು ಅವನು ಸತ್ತ ಮಗುವನ್ನಷ್ಟೇ ಬರೆದ. ಕೆಲವು ವರ್ಷದ ಮೇಲೆ ಚಿತ್ರವನ್ನು ದೊಡ್ಡದು ಮಾಡಿ ಹೆಂಡತಿ ರೇಚಲ್‌ಳನ್ನು ಸೇರಿಸಿದ. ಮಗುವಿನ ಗಲ್ಲಕ್ಕೆ ಬಿಳಿ ರಿಬ್ಬನ್ ಕಟ್ಟಿದೆ, ಬಾಯಿ ತೆರೆಯದಿರಲಿ ಅಂತ. ತೋಳುಗಳನ್ನೂ ಮೈಗೆ ಸೇರಿಸಿ ಕಟ್ಟಿದೆ. ಪಕ್ಕದ ಮೇಜಿನ ಮೇಲೆ ಕೆಲಸಕ್ಕೆ ಬಾರದೆ ಹೋದ ಔಷಧಿಯ ಬಾಟಲಿಗಳು. ತಾಯಿ ಮೇಲೆ ನೋಡುತ್ತಿದ್ದಾಳೆ, ಕೆನ್ನೆಯ ಮೇಲೆ ಕಣ್ಣೀರು. ಪೀಲ್ ಇದನ್ನು ತನ್ನ ಚಿತ್ರ ಬರೆಯುವ ಕೋಣೆಯಲ್ಲಿ ಪರದೆಯ ಹಿಂದೆ ಇಟ್ಟಿದ್ದ. ಮಗು ಕಳೆದುಕೊಂಡವರು ಯೋಚನೆ ಮಾಡಿ ಪರದೆ ಸರಿಸಿ ಅನ್ನುವ ಅರ್ಥದ ಚೀಟಿಯೂ ಇತ್ತು. ಆಮೇಲೆ ಇದೇ ಪೀಲ್ ಫಿಲಡೆಲ್ಫಿಯಾದಲ್ಲಿ ಅಮೆರಿಕದ ಮೊದಮೊದಲ ಮ್ಯೂಸಿಯಂಗಳಲ್ಲಿ ಒಂದನ್ನು ತೆರೆದ.

ಇನ್ನು ಓದು. ಹಾರ್ನ್‌ಬುಕ್ ಅನ್ನುವುದು ಹಿಡಿ ಇರುವ ಪುಟ್ಟ ಮರದ ಹಲಗೆ. ಅದಕ್ಕೆ ಒಂದೇ ಒಂದು ಹಾಳೆ ಅಂಟಿಸಿ, ಮೇಲೆ ಪಾರದರ್ಶಕವಾದ ಕೊಂಬಿನ ಪದರ ಹೊದಿಸುತ್ತಿದ್ದರು. ದನದ ಕೊಂಬನ್ನು ನೆನೆಸಿ, ಬಿಸಿ ಮಾಡಿ, ಒತ್ತಿ, ತೆಳ್ಳಗೆ ಸೀಳಿದರೆ ಈಗಿನ ಲ್ಯಾಮಿನೇಷನ್ ಮಾಡುವ ಕೆಲಸ ಮಾಡುತ್ತದೆ. ಎಂಜಲು ಬೆರಳು ತಾಗಿದರೂ ಹಾಳೆ ಕೆಡುವುದಿಲ್ಲ. ಹಿಡಿಯ ತೂತಿಗೆ ದಾರ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು. ಹಾಳೆಯಲ್ಲಿ ಮೊದಲು ಶಿಲುಬೆಯ ಗುರುತು, ಆಮೇಲೆ ಅಕ್ಷರಮಾಲೆ, ಆಮೇಲೆ ನಮ್ಮ ಕಾಗುಣಿತದ ಹಾಗೆ ಆಬ್, ಎಬ್, ಇಬ್, ಕೊನೆಗೆ ಏಸುವಿನ ಪ್ರಾರ್ಥನೆ. ಮಗು ಬೈಬಲ್ ಓದಬೇಕು ಅನ್ನುವುದೇ ಇದರ ಗುರಿ. ಓದಲು ಬಾರದಿದ್ದರೆ ಸೈತಾನ ಮೋಸ ಮಾಡುತ್ತಾನೆ ಅಂತ 1647ರಲ್ಲಿ ಮಸಾಚುಸೆಟ್ಸ್ ಕಾನೂನನ್ನೇ ಮಾಡಿತು. 50 ಮನೆ ಇರುವ ಊರು ಮೇಷ್ಟ್ರನ್ನು ಇಟ್ಟುಕೊಳ್ಳಬೇಕು, 100 ಮನೆ ಇದ್ದರೆ ಲ್ಯಾಟಿನ್ ಕಲಿಸುವ ಶಾಲೆಯನ್ನೇ ನಡೆಸಬೇಕು.

1690ರ ಹೊತ್ತಿಗೆ ಬಾಸ್ಟನ್‌ನಲ್ಲಿ ‘ನ್ಯೂ ಇಂಗ್ಲೆಂಡ್ ಪ್ರೈಮರ್’ ಅನ್ನುವ ಪುಟ್ಟ ಪಠ್ಯ ಅಚ್ಚಾಯಿತು. ಅದರಲ್ಲಿ ‘ಎ’ ಅಕ್ಷರಕ್ಕೆ ಆಡಮ್, ಬೈಬಲ್ಲಿನ ಮೊದಲ ಮನುಷ್ಯ. ಅವನು ಪಾಪಕ್ಕೆ ಬಿದ್ದ, ನಾವೆಲ್ಲ ಪಾಪಿಗಳಾದೆವು ಅನ್ನುವುದು ಮಗು ಕಲಿಯುವ ಮೊದಲ ಪ್ರಾಸ. ಮುಂದೆ ಕಾಲ ಎಲ್ಲರನ್ನೂ ಕೊಯ್ಯುತ್ತದೆ, ಮಕ್ಕಳನ್ನೂ ಸಾವು ಬಿಡುವುದಿಲ್ಲ ಅಂತ ಬರುತ್ತದೆ. ಈಗ ಓದಿದರೆ ಮೈ ಜುಮ್ಮೆನ್ನುತ್ತದೆ. ಆದರೆ ಆ ಮಗು ತಮ್ಮನನ್ನೋ ತಂಗಿಯನ್ನೋ ಆಗಲೇ ಮಣ್ಣು ಮಾಡಿ ಬಂದಿರುತ್ತಿತ್ತು. ಪುಸ್ತಕ ಸುಳ್ಳು ಹೇಳುತ್ತಿರಲಿಲ್ಲ.

ಹುಡುಗಿಯರಿಗೆ ಅಕ್ಷರ ಬಂದದ್ದು ಜಾಸ್ತಿ ಸೂಜಿಯಿಂದ. ಓದುವುದು ಬೇರೆ, ಬರೆಯುವುದು ಬೇರೆ ಅಂತ ಆಗ ಕಲಿಸುತ್ತಿದ್ದರು. ಬರವಣಿಗೆ ಮುಖ್ಯವಾಗಿ ಹುಡುಗರಿಗೆ. ಓದಲು ಬರುತ್ತಿದ್ದ ಎಷ್ಟೋ ಹೆಂಗಸರು ಸಹಿಯ ಜಾಗದಲ್ಲಿ ಗುರುತು ಹಾಕುತ್ತಿದ್ದರು. ಆದರೆ ಲಿನನ್ ಬಟ್ಟೆಗೆ ಬೆಲೆ ಇತ್ತು. ಹಾಸು, ಹೊದಿಕೆ, ದಿಂಬಿನ ಚೀಲಕ್ಕೆಲ್ಲ ಮನೆಯವರ ಹೆಸರಿನ ಮೊದಲ ಅಕ್ಷರ ಹೊಲಿದು ಗುರುತು ಮಾಡಬೇಕಿತ್ತು. ಹಾಗಾಗಿ ಹುಡುಗಿಯರು ಒಂದು ತುಂಡು ಬಟ್ಟೆಯ ಮೇಲೆ ಅಕ್ಷರ, ಅಂಕಿ, ಹೂಬಳ್ಳಿ ಹೊಲಿದು ಅಭ್ಯಾಸ ಮಾಡುತ್ತಿದ್ದರು. ಇದೇ ಸ್ಯಾಂಪ್ಲರ್. ಅಮೆರಿಕದಲ್ಲಿ ಮಾಡಿದ್ದರಲ್ಲಿ ಗೊತ್ತಿರುವ ಎಲ್ಲಕ್ಕಿಂತ ಹಳೆಯದು ಪಿಲ್‌ಗ್ರಿಮ್ ಹಾಲ್‌ನಲ್ಲೇ ಇದೆ. ಸೇನಾ ನಾಯಕ ಮೈಲ್ಸ್ ಸ್ಟ್ಯಾಂಡಿಶ್‌ನ ಮಗಳು ಲೋರಾ 1653ರ ಸುಮಾರಿಗೆ ಹೊಲಿದದ್ದು. ನನ್ನ ಹೆಸರು ಲೋರಾ ಸ್ಟ್ಯಾಂಡಿಶ್, ದೇವರೇ ನನ್ನ ಕೈಗೆ ಕುಸುರಿ ಕೊಡು ಅಂತ ಅದರಲ್ಲಿದೆ. ಅವಳು ಬಹಳ ದಿನ ಬದುಕಲಿಲ್ಲ. 1656ರಲ್ಲಿ ಸತ್ತ ಅಪ್ಪ ತನ್ನ ಉಯಿಲಿನಲ್ಲಿ, ನನ್ನನ್ನು ಮಗಳು ಲೋರಾ ಮತ್ತು ಸೊಸೆ ಮೇರಿಯ ಪಕ್ಕ ಹೂಳಿ ಅಂತ ಕೇಳಿಕೊಂಡಿದ್ದಾನೆ.

ಹೆಣ್ಣುಮಕ್ಕಳ ಹೆಸರು ಉಳಿದ ಇನ್ನೊಂದು ವಸ್ತು ಮಿಷಿಗನ್‌ನ ಡಿಯರ್‌ಬಾರ್ನ್‌ನಲ್ಲಿರುವ ಹೆನ್ರಿ ಫೋರ್ಡ್ ಮ್ಯೂಸಿಯಂನಲ್ಲಿದೆ. ಇಲ್ಲಿ ಹೇಳುತ್ತಿರುವ ವಸ್ತುಗಳಲ್ಲೆಲ್ಲ ಒಂದನ್ನೇ ಆರಿಸು ಅಂದರೆ ನಾನು ಇದನ್ನೇ ಆರಿಸುತ್ತೇನೆ. ಮಸಾಚುಸೆಟ್ಸ್‌ನ ಹ್ಯಾಡ್ಲಿ ಊರಲ್ಲಿ 1715ರ ಆಸುಪಾಸಿಗೆ ಮಾಡಿದ ದೊಡ್ಡ ಮರದ ಕಪಾಟು. ಮೈತುಂಬ ಹೃದಯ, ಬಳ್ಳಿ, ಹೂವಿನ ಬಣ್ಣದ ಚಿತ್ರ. ಎದುರಿಗೇ ದಪ್ಪ ಅಕ್ಷರದಲ್ಲಿ ‘ಹ್ಯಾನಾ ಬರ್ನಾರ್ಡ್’.

ಇದರಲ್ಲೇನು ದೊಡ್ಡದು ಅನ್ನಿಸಬಹುದು. ಆಗಿನ ಕಾನೂನು ನೋಡಿ. ಹೊಲ, ಮನೆ ಸಾಮಾನ್ಯವಾಗಿ ಗಂಡುಮಕ್ಕಳಿಗೆ. ಹೆಣ್ಣುಮಕ್ಕಳಿಗೆ ಬರುತ್ತಿದ್ದುದು ಎತ್ತಿಕೊಂಡು ಹೋಗಬಹುದಾದ್ದು: ಪೆಟ್ಟಿಗೆ, ಹಾಸಿಗೆ, ಪಾತ್ರೆ, ಹಸು. ಅದೂ ಮದುವೆಯಾದ ದಿನದಿಂದ ಗಂಡನ ಸ್ವತ್ತು. ಹೆಸರೂ ಗಂಡನದ್ದೇ. ಹಾಗಿರುವಾಗ ತವರಿನ ಪೂರ್ತಿ ಹೆಸರನ್ನು ಕಪಾಟಿನ ಮುಖದ ಮೇಲೆ ಬರೆಸಿಕೊಂಡಿದ್ದಾಳೆ. ಹ್ಯಾನಾ 1715ರಲ್ಲಿ ಜಾನ್ ಮಾರ್ಷ್‌ನನ್ನು ಮದುವೆಯಾದಳು. 1717ರಲ್ಲಿ ಬಾಣಂತನದಲ್ಲಿ ತೀರಿಕೊಂಡಳು. ಮಗಳು ಅಬಿಗೇಲ್ ಉಳಿದಳು. ತಾಯಿಯ ಮುಖವೇ ನೆನಪಿರದ ಅಬಿಗೇಲ್ ಮುಂದೆ ತನ್ನ ಮಗಳಿಗೆ ಹ್ಯಾನಾ ಬರ್ನಾರ್ಡ್ ಹೇಸ್ಟಿಂಗ್ಸ್ ಅಂತ ಹೆಸರಿಟ್ಟಳು. ಅಜ್ಜಿಯ ಹೆಸರು, ಅಜ್ಜಿಯ ತವರು, ಎರಡೂ ಸೇರಿಸಿ. ಕಪಾಟು ಆ ಮೊಮ್ಮಗಳ ಕೈ ಸೇರಿತು. ವಂಶಾವಳಿಯ ಪಟ್ಟಿಗಳೆಲ್ಲ ಅಪ್ಪನಿಂದ ಮಗನಿಗೆ ಇಳಿಯುವ ಕಾಲದಲ್ಲಿ ಈ ಕಪಾಟು ಹೆಣ್ಣಿನಿಂದ ಹೆಣ್ಣಿಗೆ ಇಳಿಯಿತು. ಹಾಗಾಗಿಯೇ ಉಳಿಯಿತು.

ಎತ್ತಿಡಲು ಏನೂ ಇಲ್ಲದವರ ಮಾತಿಗೆ ಬರೋಣ. ಮಸಾಚುಸೆಟ್ಸ್‌ನ ಡಿಯರ್‌ಫೀಲ್ಡ್ ಊರಿನ ಮೆಮೋರಿಯಲ್ ಹಾಲ್ ಮ್ಯೂಸಿಯಂನಲ್ಲಿ ಕೊಡಲಿಯಿಂದ ಕಡಿದು ತೂತು ಮಾಡಿದ ಒಂದು ಬಾಗಿಲಿದೆ. 1704ರ ಫೆಬ್ರವರಿ 29ರಂದು ಫ್ರೆಂಚರು ಮತ್ತು ಅವರ ಜೊತೆಗಿದ್ದ ಮೂಲನಿವಾಸಿಗಳು ಊರಿನ ಮೇಲೆ ದಾಳಿ ಮಾಡಿ 112 ಜನರನ್ನು ಕೆನಡಾಕ್ಕೆ ಸೆರೆ ಒಯ್ದರು. ಅವರಲ್ಲಿ ಪಾದ್ರಿಯ ಮಗಳು ಏಳು ವರ್ಷದ ಯೂನಿಸ್ ವಿಲಿಯಮ್ಸ್ ಇದ್ದಳು. ಅಪ್ಪನಿಗೆ ಬಿಡುಗಡೆಯಾಯಿತು. ಅವಳು ಮೊಹಾಕ್ ಅನ್ನುವ ಮೂಲನಿವಾಸಿ ಜನರ ಮನೆಯಲ್ಲಿ ಬೆಳೆದು, ಇಂಗ್ಲಿಷ್ ಮರೆತು, ಅಲ್ಲೇ ಮದುವೆಯಾದಳು. ಕರೆಯಲು ಬಂದವರ ಜೊತೆ ಹೋಗಲಿಲ್ಲ. ಮುಂದೆ ಗಂಡನ ಜೊತೆ ಅಣ್ಣನನ್ನು ನೋಡಲು ಬಂದಳು, ವಾಪಸ್ ಹೋದಳು. 1785ರಲ್ಲಿ ಮೊಹಾಕರ ಊರಾದ ಕಾನವಾಕೆಯಲ್ಲೇ ಸತ್ತಳು. ಬಾಗಿಲು ಊರವರ ನೋವನ್ನು ಹೇಳುತ್ತದೆ. ಆದರೆ ಅವಳು ಬಿಟ್ಟುಬರಲು ಒಪ್ಪದ ಆ ಮನೆ ಎಂಥದ್ದು ಅಂತ ಬಾಗಿಲು ಹೇಳುವುದಿಲ್ಲ, ಅಲ್ವಾ?

ಆಗಲೇ ಹೇಳಿದ ಆಸ್ತಿಪಟ್ಟಿಯ ಆ ಇನ್ನೊಂದು ಸಾಲು ಗುಲಾಮರ ಮಕ್ಕಳದ್ದು. ಕುರ್ಚಿ, ಹಸು, ಜೋಳದ ಜೊತೆಗೆ ಒಂದು ಹೆಸರು, ಅದರ ಮುಂದೆ ಒಂದು ಬೆಲೆ. 1662ರಲ್ಲಿ ವರ್ಜೀನಿಯಾ ಒಂದು ಕಾನೂನು ಮಾಡಿತು: ಮಗುವಿನ ಸ್ಥಿತಿ ತಾಯಿಯ ಸ್ಥಿತಿಯಂತೆ. ತಾಯಿ ಗುಲಾಮಳಾದರೆ, ಅಪ್ಪ ಯಾರೇ ಇರಲಿ, ಮಗುವೂ ಗುಲಾಮ. 1761ರಲ್ಲಿ ಆಫ್ರಿಕಾದಿಂದ ಬಾಸ್ಟನ್‌ಗೆ ತಂದು ಮಾರಿದ ಒಬ್ಬ ಹುಡುಗಿಗೆ ಏಳು ವರ್ಷ ಇರಬಹುದು ಅಂತ ಲೆಕ್ಕ ಹಾಕಿದ್ದು, ಮುಂದಿನ ಹಾಲುಹಲ್ಲು ಬಿದ್ದಿದ್ದರಿಂದ. ತಂದ ಹಡಗಿನ ಹೆಸರು ಫಿಲಿಸ್. ಅವಳಿಗೂ ಅದೇ ಹೆಸರಿಟ್ಟರು. 1773ರಲ್ಲಿ ಕವನ ಸಂಕಲನ ಪ್ರಕಟಿಸಿದ ಫಿಲಿಸ್ ವೀಟ್ಲಿ ಅವಳೇ.

ಇಂಥ ಕುಟುಂಬಗಳ ವಸ್ತು ಉಳಿದದ್ದು ತೀರಾ ಅಪರೂಪ. ಉಳಿದದ್ದರಲ್ಲಿ ಒಂದು, ಇಲ್ಲಿಯವರೆಗೆ ನೋಡಿದ 17, 18ನೇ ಶತಮಾನದಿಂದ ಸ್ವಲ್ಪ ಆಚೆ ಹೋದರೂ, ಹೇಳದೆ ಬಿಡಲಾಗುವುದಿಲ್ಲ. ‘ಆಶ್ಲಿಯ ಚೀಲ’ ಅಂತ ಹೆಸರಾಗಿರುವ ಮಾಸಲು ಹತ್ತಿಯ ಚೀಲ. 1850ರ ದಶಕದಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಒಂಬತ್ತು ವರ್ಷದ ಆಶ್ಲಿಯನ್ನು ಮಾರಿದಾಗ ತಾಯಿ ರೋಸ್ ಕೊಟ್ಟದ್ದು. ಒಳಗೆ ಹರಿದ ಒಂದು ಬಟ್ಟೆ, ಮೂರು ಹಿಡಿ ಪೆಕಾನ್ ಕಾಯಿ, ತಾಯಿಯ ಜಡೆಯ ಒಂದು ತುಂಡು. ಇದರಲ್ಲಿ ಯಾವಾಗಲೂ ನನ್ನ ಪ್ರೀತಿ ತುಂಬಿರುತ್ತದೆ ಅಂದಳಂತೆ. ಇಬ್ಬರೂ ಮತ್ತೆ ಭೇಟಿಯಾಗಲಿಲ್ಲ. ಇಷ್ಟೂ ನಮಗೆ ಗೊತ್ತಾದದ್ದು, 1921ರಲ್ಲಿ ಆಶ್ಲಿಯ ಮೊಮ್ಮಗಳು ರೂತ್ ಮಿಡಲ್ಟನ್ ಅದೇ ಚೀಲದ ಮೇಲೆ ದಾರದಿಂದ ಹೊಲಿದು ಬರೆದದ್ದರಿಂದ. 2007ರಲ್ಲಿ ಟೆನಿಸಿಯ ಒಂದು ಹಳೇ ಸಾಮಾನಿನ ಸಂತೆಯಲ್ಲಿ ಚೀಲ ಸಿಕ್ಕಿತು. ರೂತ್ ಹೊಲಿಯದೇ ಇದ್ದಿದ್ದರೆ ಅದೊಂದು ಹಳೇ ಹಿಟ್ಟಿನ ಚೀಲ, ಅಷ್ಟೇ.

ಯಾರೂ ಎತ್ತಿಡದ ವಸ್ತುಗಳಿಗಾಗಿ ಈಗ ಮ್ಯೂಸಿಯಂನವರು ಮಣ್ಣು ಅಗೆಯುತ್ತಿದ್ದಾರೆ. ಮಣ್ಣಿನಲ್ಲಿ ಸಿಗುವುದು ಬಿದ್ದುಹೋದದ್ದು, ಎಸೆದದ್ದು: ಗೋಲಿ, ಗುಂಡಿ, ಮಣಿ, ಸ್ಲೇಟಿನ ಚೂರು. ಅಧ್ಯಕ್ಷ ಥಾಮಸ್ ಜೆಫರ್ಸನ್ ತನ್ನ ಜೀವಮಾನದಲ್ಲಿ 600ಕ್ಕೂ ಹೆಚ್ಚು ಗುಲಾಮರನ್ನು ಇಟ್ಟುಕೊಂಡಿದ್ದ. ಅವರ ಮಕ್ಕಳ ಬಗ್ಗೆ ಅವನ ಲೆಕ್ಕದ ಪುಸ್ತಕದಲ್ಲಿ ಒಂದು ನಿಯಮ ಬರೆದಿಟ್ಟಿದ್ದಾನೆ. 10 ವರ್ಷದ ತನಕ ಕೂಸು ನೋಡಿಕೊಳ್ಳುವುದು. 10ರಿಂದ 16 ಹುಡುಗರು ಮೊಳೆ ಮಾಡುವುದು, ಹುಡುಗಿಯರು ನೂಲುವುದು. 16ಕ್ಕೆ ಹೊಲ ಇಲ್ಲವೇ ಕಸುಬು. 1794ರಲ್ಲಿ ಮೊಳೆಯ ಕಾರ್ಖಾನೆ ಶುರು ಮಾಡಿ, ಯಾವ ಹುಡುಗ ಎಷ್ಟು ಮೊಳೆ ಮಾಡಿದ, ಎಷ್ಟು ಕಬ್ಬಿಣ ಹಾಳು ಮಾಡಿದ ಅಂತ ತೂಕ ಹಾಕಿ ಬರೆದಿಡುತ್ತಿದ್ದ. ಮೊಂಟಿಚೆಲ್ಲೊದಲ್ಲಿ ಅವನ ಮನೆಯ ಪಕ್ಕ ಗುಲಾಮರು ವಾಸವಿದ್ದು ಕೆಲಸ ಮಾಡುತ್ತಿದ್ದ ಮಲ್ಬೆರಿ ರೋ ಬೀದಿಯನ್ನು ಅಗೆದಾಗ ಆ ಮೊಳೆಗಳು, ಮೊಳೆ ಕತ್ತರಿಸಿ ಉಳಿದ ಕಬ್ಬಿಣದ ಸಲಾಕೆಯ ತುಂಡುಗಳು ಸಿಕ್ಕಿವೆ. ಅಲ್ಲಿನವರು ಇಂಥ ಜಾಗಗಳಲ್ಲಿ ಅಗೆದು ತೆಗೆದ ವಸ್ತುಗಳ ವಿವರವನ್ನು ಡಿಎಎಸಿಎಸ್ ಅನ್ನುವ ಡಿಜಿಟಲ್ ಸಂಗ್ರಹದಲ್ಲಿ ಹಾಕುತ್ತಿದ್ದಾರೆ. ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಅಲ್ಲಿ ಹ್ಯಾನಾಳ ಕಪಾಟಿನಂಥ ಅಂದದ ವಸ್ತು ಕಡಿಮೆ. ಯಾವ ಗುಂಡಿ ಯಾವ ಗುಡಿಸಲಿನ ಎಷ್ಟು ಆಳದ ಮಣ್ಣಿನಲ್ಲಿ ಸಿಕ್ಕಿತು ಅನ್ನುವ ಲೆಕ್ಕವೇ ಜಾಸ್ತಿ.